ಅರವತ್ತೊಂದು ಸಲ ಉಲ್ಲೇಖವಾದ ಪ್ರಬಂಧ

ಗುರುವಾರ ಹನ್ನೊಂದು ಗಂಟೆಗೆ ಡಾ. ರಮಿತಾ ಕರ್ಕೇರಳ ಬಡ್ತಿಯ ಸಂದರ್ಶನವಿತ್ತು. ಚಂದ್ರಬಾಯಿ ಅವಳ ಮೇಜಿನ ಮುಂದೆ ಬಂದು ನಿಂತದ್ದು ಸೋಮವಾರ ಬೆಳಿಗ್ಗೆ.

ರಮಿತಾ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ತಂದೆ ಲೀಲಾಧರ ಸ್ಟೇಶನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಮಾಧ್ಯಮದಲ್ಲಿ ಏಳನೆಯವರೆಗೆ ಓದಿದ್ದರಿಂದ ಕನ್ನಡವೂ ಉಳಿದುಕೊಂಡಿತ್ತು. ಎಂ.ಡಿ. ಮುಗಿಸಿ ನವಿ ಮುಂಬೈಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿ ಎಂಟು ವರ್ಷವಾಗಿತ್ತು. ಎಂಟು ವರ್ಷವೂ ಅದೇ ಹುದ್ದೆ, ಅದೇ ಠಾಣೆ ಸ್ಟೇಶನ್ನಿನಲ್ಲಿ ರೈಲು ಬದಲಿಸಿ ಸಾನಪಾಡಾದಲ್ಲಿ ಇಳಿಯುವ ನೂಕುನುಗ್ಗಲು.

ಇಂಥ ಕಾಲೇಜುಗಳಲ್ಲಿ ಡಾಕ್ಟರರನ್ನು ಅಳೆಯುವುದು ಹೇಗೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ರೋಗಿಗೆ ಗುಣವಾಯಿತೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಪ್ರಬಂಧ ಅಚ್ಚಾಗಿದೆ, ಅದನ್ನು ಬೇರೆ ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆ, ಇಷ್ಟೇ ಪ್ರಶ್ನೆ. ಉಲ್ಲೇಖಿಸಿದವನು ಅದನ್ನು ಓದಿದ್ದಾನೆಯೇ ಎಂಬುದು ಯಾವ ಅರ್ಜಿಯಲ್ಲೂ ಇಲ್ಲ. ಒಬ್ಬ ಬರೆದದ್ದನ್ನು ನೋಡಿ ಇನ್ನೊಬ್ಬ ಬರೆಯುತ್ತಾನೆ, ಅವನನ್ನು ನೋಡಿ ಮತ್ತೊಬ್ಬ. ಬಡ್ತಿಗೆ ಒಟ್ಟು ಐವತ್ತು ಉಲ್ಲೇಖ ಬೇಕು ಎಂಬುದು ಈ ಕಾಲೇಜಿನ ನಿಯಮ.

ರಮಿತಾಳ ಹೆಸರಿನಲ್ಲಿ ನಾಲ್ಕು ಪ್ರಬಂಧಗಳಿದ್ದವು. ಮೂರನ್ನು ಯಾರೂ ಮೂಸಿ ನೋಡಿರಲಿಲ್ಲ. ನಾಲ್ಕನೆಯದಕ್ಕೆ ಅರವತ್ತೊಂದು ಉಲ್ಲೇಖ ಬಂದಿತ್ತು. ಕಳಂಬೋಲಿಯ ಕಬ್ಬಿಣದ ಗೋದಾಮುಗಳಲ್ಲಿ ದುಡಿಯುವ ನೂರ ಹನ್ನೆರಡು ಹಮಾಲರಿಂದ ಅಳತೆಯ ಕೊಳವೆಯೊಂದಕ್ಕೆ ಊದಿಸಿ, ಅವರ ಉಸಿರಿನ ಬಲವನ್ನು ಅಳೆದು ಬರೆದದ್ದು ಅದು. ತುಕ್ಕಿನ ಧೂಳು, ಗ್ಯಾಸ್ ಕಟಿಂಗಿನ ಹೊಗೆ ಇದ್ದರೂ ಇವರ ಶ್ವಾಸಕೋಶಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಿಲ್ಲ ಎಂಬುದು ಅದರ ತೀರ್ಮಾನ. ಯಾರೂ ನಿರೀಕ್ಷಿಸದ ಫಲಿತಾಂಶವಾದ್ದರಿಂದಲೇ ಅಷ್ಟು ಓಡಿತು. ಜೊತೆಯ ಲೇಖಕಿ ವಿಭಾಗದ ಮುಖ್ಯಸ್ಥೆ ಡಾ. ವಿಮಲಾ.

ಚಂದ್ರಬಾಯಿ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಆಕೆಯ ಗಂಡ ಗುರುನಾಥ ಕಳಂಬೋಲಿಯ ಹಮಾಲ, ವಿಜಯಪುರದ ಕಡೆಯವನು. ಉಸಿರಿನ ಕಾಯಿಲೆಯಿಂದ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಇದು ಕೆಲಸದಿಂದಲೇ ಬಂದ ಕಾಯಿಲೆ ಎಂದು ಬರೆದುಕೊಡಿ ಅಂತ ಪರಿಹಾರಕ್ಕಾಗಿ ಹಾಕಿದ್ದ ಅರ್ಜಿಯನ್ನು ಕಾರ್ಮಿಕ ಕಚೇರಿ ತಳ್ಳಿಹಾಕಿತ್ತು. ಕಾರಣಕ್ಕೆ ಆಧಾರವಾಗಿ ಒಂದು ಪುಟ ಲಗತ್ತಿಸಿದ್ದರು. ರಮಿತಾಳ ಪ್ರಬಂಧದ ಪುಟ.

"ಇದನ್ನ ನೀವ ಬರದೀರಂತಲ್ರಿ ಅಕ್ಕಾರ. ಶುಕ್ರವಾರದೊಳಗ ಅಪೀಲು ಹಾಕಬೇಕಂತ. ಆಮ್ಯಾಲ ಬಾಗಲಾ ಬಂದ್."

ರಮಿತಾ ಕಪಾಟಿನಿಂದ ಐದು ವರ್ಷದ ಹಿಂದಿನ ರಿಜಿಸ್ಟರ್ ತೆಗೆದಳು. ಗುರುನಾಥನ ಹೆಸರಿನ ಮುಂದೆ ಅವಳದೇ ಅಕ್ಷರದಲ್ಲಿ 560 ಎಂದಿತ್ತು. ಗಟ್ಟಿಮುಟ್ಟಾದ ಗಂಡಸು ಊದಿದರೆ ಬರುವ ಅಂಕಿ.

"ಆಗ ಇವರು ಚೆನ್ನಾಗಿದ್ರಲ್ಲ ಚಂದ್ರಬಾಯಿ. ಇಲ್ನೋಡಿ."

"ಎಲ್ಲಿ ಚಲೋ ಇದ್ರು ತಗೋರಿ? ಆ ವರ್ಷನ ಎರಡು ಮೆಟ್ಟಲಾ ಏರಿದ್ರ ಕುಂಡರ್ತಿದ್ರು. ಅದು ಇವರು ಊದಿದ್ದಲ್ರಿ, ಇವರ ಜೋಡಿ ಹಮಾಲಿ ಮಾಡೂ ಮಾನಪ್ಪ ಊದಿದ್ದು." ಆಕೆ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಹೇಳಿದಳು. "ನಿಮಗ ಗೊತ್ತಿರ್ಲಿಲ್ಲೇನ್ರಿ?"

ರಮಿತಾ ಆ ಪುಟದಲ್ಲಿ ಬೆರಳಾಡಿಸಿದಳು. 560, 550, 560, 555. ಬೇರೆ ಬೇರೆ ಹೆಸರು, ಒಂದೇ ಉಸಿರು. ಅಚ್ಚಿಗೆ ಕಳಿಸುವ ಮೊದಲು ಈ ಸಾಲನ್ನು ಎಷ್ಟು ಸಲ ನೋಡಿರಲಿಲ್ಲ ಅವಳು. ಆಗ ಕಾಣಲಿಲ್ಲ. ಕಾಣಬೇಕೆಂದು ಹುಡುಕಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಕಳಂಬೋಲಿಗೆ ಹೋದಳು. ಮಾನಪ್ಪ ಗೋದಾಮಿನ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ನಲವತ್ತೈದರ ಆಳು, ಬಾಗಿಲಿನಷ್ಟು ಅಗಲದ ಎದೆ. ಅವಳನ್ನು ನೋಡಿ ಮೊದಲು ನಕ್ಕ. ಕೈಯಲ್ಲಿದ್ದ ರಿಜಿಸ್ಟರ್ ನೋಡಿ ನಗು ನಿಲ್ಲಿಸಿದ.

"ಎಷ್ಟು ಜನರಿಗೆ ಊದಿದ್ರಿ ನೀವು?"

"ಬ್ಯಾಡ ಬಿಡ್ರಿ ಅಕ್ಕಾರ, ಹಳೇ ಮಾತು."

"ಎಷ್ಟು ಜನ, ಮಾನಪ್ಪ?"

ಅವನು ಬೆರಳು ಮಡಚಿ ಹೆಸರು ಹೇಳುತ್ತಾ ಹೋದ. ಹತ್ತೊಂಬತ್ತಕ್ಕೆ ನಿಂತ. "ಕೆಮ್ಮಿನಾವ್ರು ಅಷ್ಟ ಮಂದಿ ಇದ್ರು. ಊದಾಕ ಬರಲಿಲ್ಲಂದ್ರ ಊರಿಗೆ ಕಳಸ್ತೀನಿ ಅಂತ ನಮ್ಮನ್ನ ಕೆಲಸಕ್ಕ ಹಚ್ಚೂ ಮುಕಾದಮ ಹೆದರಿಸಿದ್ದ. ನಮ್ಮ ಟೋಳ್ಯಾಗ ಒಬ್ಬಾಂವಗ ಜ್ವರ ಬಂತಂದ್ರ ಅವನ ಪಾಲಿನ ಮಾಲ ಉಳದಾವ್ರು ಎತ್ತತೀವಿ, ಹಾಜರಿ ಅವನ್ದ ಬೀಳ್ತದ. ಇದೂ ಹಂಗ ಅಂತ ತಿಳದಿವಿ."

"ನನಗೆ ನಿಮ್ಮ ಮುಖ ಕಾಣ್ಲಿಲ್ವಾ?"

"ಧೂಳಿಗೆ ಎಲ್ಲಾರೂ ಟಾವೆಲ್ ಸುತ್ತಿರ್ತೀವಿ. ನಾ ಟಾವೆಲ್ ಬದಲ ಮಾಡಿ ಬರ್ತಿದ್ದೆ. ನೀವು ತಲಿ ಎತ್ತಿದ್ರಲ್ಲ ಗೊತ್ತಾಗೂದು? ಹೆಸರು ಕೇಳ್ತಿದ್ರಿ, ಬರೀತಿದ್ರಿ. 'ನಿಮ್ಮ ಟೋಳಿಯವರು ಭಾರೀ ಗಟ್ಟಿ ಮಾರಾಯ್ರೆ' ಅಂತ ನೀವಂದಾಗ ನಮಗ ನಗು ತಡಕೊಳ್ಳಾಕ ಆಗಲಿಲ್ಲ." ಆಮೇಲೆ ದನಿ ತಗ್ಗಿಸಿದ. "ಹೆಸರು ಬರಬಾರದ್ರಿ. ಮುಕಾದಮಗ ಗೊತ್ತಾದ್ರ ಇಡೀ ಟೋಳಿ ಹೊರಗ."

ತಲೆ ಎತ್ತಿರಲಿಲ್ಲ ಎಂಬುದು ನಿಜ. ಮೂರು ಬೆಳಿಗ್ಗೆಯಲ್ಲಿ ನೂರ ಹನ್ನೆರಡು ಮಂದಿಯನ್ನು ಮುಗಿಸಬೇಕಿತ್ತು. ಆ ತಿಂಗಳೊಳಗೆ ಪ್ರಬಂಧ ಹೋಗದಿದ್ದರೆ ಆ ವರ್ಷದ ಪಟ್ಟಿಗೆ ಸೇರುತ್ತಿರಲಿಲ್ಲ. ಅವಳು ಹಮಾಲರನ್ನು ನೋಡಲು ಹೋಗಿರಲೇ ಇಲ್ಲ. ಅಂಕಿ ತರಲು ಹೋಗಿದ್ದಳು, ತಂದಳು.

ಸಂಜೆ ಮನೆಯಲ್ಲಿ ಹೇಳಿದಾಗ ಲೀಲಾಧರರು ಟಿ.ವಿ. ದನಿ ತಗ್ಗಿಸಿದರು. "ಅರವತ್ತೊಂದು ಮಂದಿ ಕಲಿತವರು ಒಪ್ಪಿದ್ದಾರೆ ಮಗಾ," ಎಂದರು ತುಳುವಿನಲ್ಲಿ. "ಒಬ್ಬ ಹೆಂಗಸಿನ ಮಾತಿಗೆ ಅದನ್ನೆಲ್ಲ ಬಿಸಾಡ್ತೀಯಾ?"

"ಅವರು ಯಾರೂ ಕಳಂಬೋಲಿಗೆ ಬಂದವರಲ್ಲ ಅಪ್ಪ."

ಬುಧವಾರ ಡಾ. ವಿಮಲಾ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬೆಂಗಳೂರಿನವರು. ಕಟುವಾಗಿ ಮಾತಾಡುವ ಹೆಂಗಸಲ್ಲ, ರಮಿತಾಳಿಗೆ ಕೆಲಸ ಕೊಡಿಸಿದವರೂ ಅವರೇ.

"ನೋಡಮ್ಮ, ಮುಚ್ಚಿಡು ಅಂತ ನಾನು ಹೇಳ್ತಿಲ್ಲ. ನಾಳೆ ಒಂದಿನ ಸುಮ್ನಿರು. ಬಡ್ತಿ ಆರ್ಡರ್ ಕೈಗೆ ಬರ್ಲಿ, ಆಮೇಲೆ ಇಬ್ರೂ ಕೂತು ಒಂದು ತಿದ್ದುಪಡಿ ಕಳಿಸೋಣ. ಹತ್ತೊಂಬತ್ತು ಜನಾನ ತೆಗೆದುಬಿಟ್ರೆ ತೊಂಬತ್ಮೂರು ಉಳೀತಾರೆ. ಸಾಕಲ್ವಾ?"

"ತೆಗೆದ್ರೆ ಇನ್ನೂ ದೊಡ್ಡ ಸುಳ್ಳಾಗ್ತದೆ ಮೇಡಂ. ಕಾಯಿಲೆ ಇದ್ದದ್ದೇ ಆ ಹತ್ತೊಂಬತ್ತು ಜನಕ್ಕೆ. ಅವರನ್ನು ಬಿಟ್ರೆ ಉಳಿದವರು ಚೆನ್ನಾಗೇ ಕಾಣ್ತಾರಲ್ಲ."

ವಿಮಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅದರಲ್ಲಿ ನನ್ನ ಹೆಸರೂ ಇದೆ ಅನ್ನೋದು ನೆನಪಿದೆಯಾ?"

"ಇದೆ ಮೇಡಂ. ಶುಕ್ರವಾರ ಅವರ ಅಪೀಲಿಗೆ ಕಡೇ ದಿನ. ಆರ್ಡರ್ ಬರೋದು ತಿಂಗಳಾದ ಮೇಲೆ."

"ಅವರ ಅಪೀಲು ನಿನ್ನ ಕೆಲಸ ಅಲ್ಲ."

ಮಾತು ಅಲ್ಲಿಗೆ ನಿಂತಿತು. ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆಂದು ಅದು ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಅವಳು ಬರೆದಿಟ್ಟ ಮೇಲ್ ಇನ್ನೂ ಹೋಗದೆ ಫೋನಿನಲ್ಲಿ ಹಾಗೆಯೇ ಇತ್ತು. ಗುರುವಾರ ಬೆಳಿಗ್ಗೆ ರೈಲಿನ ಲೇಡೀಸ್ ಡಬ್ಬದಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಫೋನಿನ ಕಳಿಸುವ ಗುಂಡಿಯ ಮೇಲೆ ಇಟ್ಟಳು, ತೆಗೆದಳು. ಐರೋಲಿ ದಾಟಿತು, ತುರ್ಭೆ ದಾಟಿತು. ಕಳಿಸಲಾಗಲಿಲ್ಲ. ಮನೆಸಾಲ ನೆನಪಾಗುತ್ತಿತ್ತು, ತಂದೆಯ ಮುಖ ನೆನಪಾಗುತ್ತಿತ್ತು. ಇಷ್ಟು ದಿನ ತಪ್ಪಾಗಿಯೇ ಇದ್ದದ್ದು ಇನ್ನೊಂದು ತಿಂಗಳು ಇದ್ದರೆ ಆಕಾಶ ಬೀಳುತ್ತದೆಯೇ ಎಂಬ ಮಾತನ್ನು ಅವಳ ಒಳಗೆ ಯಾರೋ ವಿಮಲಾರ ದನಿಯಲ್ಲೇ ಹೇಳುತ್ತಿದ್ದರು.

ಸಂದರ್ಶನದ ಕೋಣೆಯಲ್ಲಿ ಐವರಿದ್ದರು, ಅವರಲ್ಲಿ ವಿಮಲಾ ಒಬ್ಬರು. ನಡುವೆ ಕೂತಿದ್ದ ಹಿರಿಯರು ಕಡತ ತಿರುವಿ, "ಅರವತ್ತೊಂದು! ನಮ್ಮ ಕಾಲೇಜಿಗೇ ಹೆಮ್ಮೆ," ಎಂದು ಮರಾಠಿಯಲ್ಲಿ ಹೇಳಿ ಪ್ರಬಂಧಗಳ ಪಟ್ಟಿಯನ್ನು ಅವಳ ಕಡೆ ತಳ್ಳಿದರು. ಕೆಳಗೆ ಒಂದು ಸಾಲಿತ್ತು: ಮೇಲಿನದೆಲ್ಲವೂ ನನಗೆ ತಿಳಿದಮಟ್ಟಿಗೆ ಸತ್ಯ. ಅದರಡಿ ಸಹಿ.

ಮೊನ್ನೆಯ ತನಕ ಇದು ಕಣ್ಣುಮುಚ್ಚಿ ಹಾಕುವ ಸಹಿ. ಈಗ ಅವಳಿಗೆ ತಿಳಿದಿತ್ತು.

ರಮಿತಾ ಪೆನ್ನು ತೆಗೆದು ನಾಲ್ಕನೆಯ ಸಾಲಿನ ಮೇಲೆ ಗೆರೆ ಎಳೆದಳು. ಆಮೇಲೆ ಸಹಿ ಹಾಕಿದಳು.

"ಇದೇನು?"

"ಆ ಪ್ರಬಂಧದ ಅಂಕಿಗಳು ತಪ್ಪು ಸರ್. ಅಳೆದದ್ದು ನಾನೇ, ತಪ್ಪು ನನ್ನದೇ. ವಾಪಸ್ ತಗೊಳ್ತಿದ್ದೇನೆ."

ವಿಮಲಾ ಕಿಟಕಿಯ ಕಡೆ ನೋಡುತ್ತಿದ್ದರು. ಹಿರಿಯರು ಪಟ್ಟಿಯನ್ನು ಮತ್ತೊಮ್ಮೆ ಓದಿದರು. "ಹಾಗಾದರೆ ನಿಮ್ಮ ಉಲ್ಲೇಖ ಸೊನ್ನೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಸುಳ್ಳು ಅಚ್ಚಾದದ್ದಕ್ಕಲ್ಲ ಆ ಬೇಸರ, ಕಾಲೇಜಿನ ಲೆಕ್ಕದಲ್ಲಿ ಅರವತ್ತೊಂದು ಕಡಿಮೆಯಾದದ್ದಕ್ಕೆ. ಹಮಾಲರು ಹೇಗಿದ್ದಾರೆ ಎಂದು ಐವರಲ್ಲಿ ಒಬ್ಬರೂ ಕೇಳಲಿಲ್ಲ.

ಹೊರಗೆ ಬಂದು ಮೇಲ್ ಕಳಿಸಿದಳು. ಶುಕ್ರವಾರ ಕಾರ್ಮಿಕ ಕಚೇರಿಯ ಮೆಟ್ಟಿಲಲ್ಲಿ ಅದರ ಪ್ರತಿಯನ್ನೂ ತನ್ನ ಸಹಿಯ ಪತ್ರವನ್ನೂ ಚಂದ್ರಬಾಯಿಯ ಕೈಗಿಟ್ಟಳು.

"ಇದ್ರಾಗ ಮಾನಪ್ಪನ ಹೆಸರು ಐತೇನ್ರಿ?"

"ಇಲ್ಲ."

"ಮತ್ತ ಯಾರದೈತಿ?"

"ನಂದೊಂದೇ."

ಚಂದ್ರಬಾಯಿ ಪತ್ರವನ್ನು ತಿರುಗಿಸಿ ನೋಡಿ, ಓದಲು ಬಾರದಿದ್ದರೂ ಸಹಿಯ ಜಾಗದಲ್ಲಿ ಬೆರಳಿಟ್ಟು, ಒಳಗೆ ಹೋದಳು. ಗುಮಾಸ್ತ ಅಪೀಲು ತೆಗೆದುಕೊಂಡ.

ಪತ್ರಿಕೆಯ ಪ್ರಕಟಣೆ ಬರಲು ಏಳು ವಾರ ಬೇಕಾಯಿತು. ಇಬ್ಬರು ಲೇಖಕರಲ್ಲಿ ಒಬ್ಬರು ಹಿಂತೆಗೆತಕ್ಕೆ ಒಪ್ಪಿದ್ದಾರೆ, ಇನ್ನೊಬ್ಬರು ಉತ್ತರಿಸಿಲ್ಲ ಎಂದಿತ್ತು. ವಿಮಲಾ ಬೇರೊಂದು ಕಾಲೇಜಿಗೆ ದೊಡ್ಡ ಹುದ್ದೆಗೆ ಹೋದರು. ಹಿಂತೆಗೆದ ಪ್ರಬಂಧವನ್ನು ಅದರ ನಂತರವೂ ಮೂವರು ಉಲ್ಲೇಖಿಸಿದರು. ಓದುವ ಅಭ್ಯಾಸವಿದ್ದಿದ್ದರೆ ತಾನೇ, ತಿಳಿಯುವುದು. ರಮಿತಾ ಅದೇ ಹುದ್ದೆಯಲ್ಲಿ, ಅದೇ ಗಾಡಿಯಲ್ಲಿ ಉಳಿದಳು.

ಗುರುನಾಥನನ್ನು ರಮಿತಾಳ ಕಾಲೇಜಿನಲ್ಲಿ ಹೊಸದಾಗಿ ಪರೀಕ್ಷಿಸಬೇಕೆಂದು ಆದೇಶವಾಯಿತು. ಪರೀಕ್ಷೆಯ ಹಿಂದಿನ ದಿನ ಚಂದ್ರಬಾಯಿ ಫೋನ್ ಮಾಡಿದಳು.

"ಉಪಾಸ ಬರಬೇಕೇನ್ರಿ ಅಕ್ಕಾರ?"

"ಬೇಡ, ಊಟ ಮಾಡಿಸಿಯೇ ಕರ್ಕೊಂಡು ಬನ್ನಿ."

ಆಚೆಯಿಂದ ಗಂಡಸಿನ ಕೆಮ್ಮು, ನಡುನಡುವೆ ಏನೋ ಮಾತು ಕೇಳಿಸಿತು. ಚಂದ್ರಬಾಯಿ ನಗುತ್ತಾ ಹೇಳಿದಳು: "ಈ ಸಲಾನೂ ಮಾನಪ್ಪನ್ನ ಕರಕೊಂಡು ಹೋಗೂನೇನು ಅಂತ ಕೇಳಾಕ ಹತ್ಯಾರ್ರಿ ಇವರು."

"ಬೇಡ ಅನ್ನಿ. ಅವರೇ ಊದ್ಲಿ," ಎಂದಳು ರಮಿತಾ. "ಎಷ್ಟು ಕಡಿಮೆ ಬರ್ತದೋ ಅಷ್ಟು ಒಳ್ಳೇದು."