ಕರಿಬೇವಿಗೆ ಬರುತ್ತಿದ್ದ ಅಕ್ಕ

ನಮ್ಮಕ್ಕನ ಬಲಗಾಲಿನ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪಾಗಿರುತ್ತಿತ್ತು. ಎಲ್ಲಿಗೆ ಹೋದರೂ ಮೊದಲು ಚಪ್ಪಲಿ ಬಿಟ್ಟು, ಆ ಬೆರಳನ್ನು ನೆಲಕ್ಕೆ ಊರಿ, ಒಂದು ಸುತ್ತು ತಿರುಗಿಸಿ ನೋಡುತ್ತಿದ್ದಳು. ಮಣ್ಣಲ್ಲಿ ತೇವ ಎಷ್ಟಿದೆ, ಕಟ್ಟಡ ಕಟ್ಟಿದವರು ಸಿಮೆಂಟಿನ ಚೂರುಗಳನ್ನು ಹೂತು ಮೇಲೆ ಮಣ್ಣೆಳೆದಿದ್ದಾರೋ ಹೇಗೆ, ಎಲ್ಲ ಅವಳಿಗೆ ಬೆರಳಲ್ಲೇ ಗೊತ್ತಾಗುತ್ತಿತ್ತು. ರೇಷ್ಮೆ ಸೀರೆ ಉಟ್ಟು ಮದುವೆಗೆ ಬಂದಾಗಲೂ ಹಾಗೇ. ನನಗೆ ನಾಚಿಕೆಯಾಗುತ್ತಿತ್ತು.

ಪೆಟ್ರೋಲ್ ಬಂಕು, ಸ್ಕೂಲು, ಹೋಟೆಲುಗಳ ಮುಂದೆ ಹುಲ್ಲು, ಗಿಡ ಬೆಳೆಸಿ ನೋಡಿಕೊಳ್ಳುವ ಕಂಟ್ರಾಕ್ಟು ಅವಳದು. ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಹನೂರು, ಯಳಂದೂರು ತಿರುಗುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ನಾನು ಏಳು. ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದಲ್ಲಿ ಕಸ ಗುಡಿಸುವವರ ಮೇಲೆ ನಾನು ಮೇಸ್ತ್ರಿ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಇಸ್ತ್ರಿ ಮಾಡಿದ ಸೀರೆ. ಅವಳು ಭಾವನ ಹಳೇ ಶರ್ಟನ್ನು ಸೀರೆಯ ಮೇಲೆ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಆದರೂ ಬಸ್ಸಿನಲ್ಲಿ ಜನ, "ನೀವು ಗಿಡದಕ್ಕನ ತಂಗಿ ಅಲ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ಅವಳನ್ನು ಯಾರೂ ನನ್ನ ಹೆಸರು ಹಿಡಿದು ಗುರುತಿಸಿದ್ದು ನಾನು ಕಾಣೆ. ಅದು ನನ್ನನ್ನು ಒಳಗೇ ಸುಡುತ್ತಿತ್ತು.

ಊರಿಗೆಲ್ಲ ಹಸಿರು ಮಾಡಿಕೊಡುವ ಅಕ್ಕನ ಮನೆಯಲ್ಲಿ ಒಂದು ಗಿಡವೂ ಇರಲಿಲ್ಲ. ಕೊಳ್ಳೇಗಾಲದ ಸಂದಿಯಲ್ಲಿ ಬಾಡಿಗೆ ಮನೆ. ಬಾಗಿಲು ತೆಗೆದರೆ ಚರಂಡಿ, ಆಚೆ ಎದುರು ಮನೆಯ ಗೋಡೆ. ಒಂದು ಗೇಣು ಬಿಸಿಲೂ ಬೀಳುತ್ತಿರಲಿಲ್ಲ. ಅದಕ್ಕೇ ವಾರಕ್ಕೊಂದು ಸಲ ಮಧುವನಹಳ್ಳಿಯ ನಮ್ಮ ಮನೆಗೆ ಬರುತ್ತಿದ್ದಳು. "ಕರಿಬೇವ್ಗೆ ಬಂದೆ ಕನಮ್ಮಿ" ಎನ್ನುತ್ತ ನೇರವಾಗಿ ಹಿತ್ತಿಲಿಗೆ. ನನ್ನನ್ನು ಕೀಳಲು ಬಿಡುತ್ತಿರಲಿಲ್ಲ. "ನೀನು ಕೋಳಿ ಪುಕ್ಕ ತರ್ದಂಗೆ ತರೀತೀಯ, ಬುಡು" ಎಂದು ತಾನೇ ಕುಡಿ ನೋಡಿ ಚಿವುಟುತ್ತಿದ್ದಳು. ಅವಳು ಚಿವುಟಿದ ಕಡೆ ಎರಡೆರಡು ಕವಲು ಒಡೆಯುತ್ತಿತ್ತು. ಗಿಡ ಕೈಗೆಟಕುವ ಎತ್ತರದಲ್ಲೇ ಛತ್ರಿಯಂತೆ ಹರಡಿತ್ತು.

ಹನೂರಿನಲ್ಲಿ ರಸ್ತೆ ಅಗಲ ಮಾಡಿದಾಗ ಬಂಕಿನ ಮುಂದಿನ ಅವಳ ತೋಟ ಪೂರಾ ಹೋಯಿತು. ಅವಳ ಕೈಲಿದ್ದ ದೊಡ್ಡ ಕೆಲಸ ಅದೇ ಆಗಿದ್ದರಿಂದ ಆ ನಾಲ್ಕು ಜನ ಹೆಂಗಸರಿಗೂ ಕೆಲಸವಿಲ್ಲದಂತಾಯಿತು. ಅದೇ ಹೊತ್ತಿಗೆ ನಮ್ಮ ಮಂಟಪದ ಯಜಮಾನರು ಮುಂದಿನ ಬಯಲಿಗೆ ತೋಟ ಮಾಡಿಸಬೇಕೆಂದು ಹೊರಟಿದ್ದರು. ಮೈಸೂರಿನ ಕಂಪನಿಯೊಂದು ಬಣ್ಣದ ನಕ್ಷೆ ತಂದು ತೋರಿಸಿ ಹೋಗಿತ್ತು. ಅಕ್ಕ ನನ್ನಲ್ಲಿಗೆ ಬಂದಳು. "ನಿಮ್ ಯಜಮಾನ್ರ ತಾವ ನಂದೊಂದು ಮಾತು ಆಡಮ್ಮಿ. ಆ ಹೆಂಗುಸ್ರು ಮಖ ನೋಡಕಾಯ್ತಿಲ್ಲ" ಎಂದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ ಸಲ. ಕರಿಬೇವೊಂದನ್ನು ಬಿಟ್ಟರೆ.

ನಾನು ಯಜಮಾನರ ಕಿವಿಗೆ ಹಾಕಿದೆ. ಜಾಗ ನೋಡಲು ಅವಳು ಬಂದದ್ದು ಮದುವೆಯಿದ್ದ ದಿನ. ಖಾಲಿ ಜಾಗ ನೋಡಿ ಏನೂ ತಿಳಿಯುವುದಿಲ್ಲ, ಜನ ಓಡಾಡುವಾಗಲೇ ನೋಡಬೇಕು ಎನ್ನುವುದು ಅವಳ ಪದ್ಧತಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇವಿನ ಮರದ ಕೆಳಗೆ ಸುಮ್ಮನೆ ಕೂತಿದ್ದಳು. ಕೊನೆಗೆ ಎದ್ದು, ಊಟದ ಮನೆಯ ಬಾಗಿಲಿನಿಂದ ಕೈ ತೊಳೆಯುವ ನಲ್ಲಿಯವರೆಗೆ ಹೆಬ್ಬೆರಳಲ್ಲಿ ಒಂದು ಗೆರೆ ಎಳೆದಳು.

"ಇಲ್ಲಿ ಹುಲ್ಲು ಬ್ಯಾಡ, ಚಪ್ಪಡಿ ಹಾಕುಸ್ಬೇಕು. ಎಂಜಲು ಕೈಯೋರಿಗೆ ನಲ್ಲಿ ಕಾಣ್ತದೆ, ಹುಲ್ಲು ಕಾಣಲ್ಲ" ಎಂದು ನನಗೆ ಹೇಳಿ ನಕ್ಕಳು.

ಅಷ್ಟರಲ್ಲಿ ಯಜಮಾನರು ಒಳಗಿನಿಂದ ತಾವೇ ಒಂದು ಕುರ್ಚಿ ಎತ್ತಿಕೊಂಡು ಬಂದರು. "ಆಗ್ಲಿಂದ ನೆಲದ ಮೇಲೇ ಇದ್ದೀಯಲ್ಲಮ್ಮ, ಕೂತ್ಕೊ" ಎಂದರು.

ಒಂಬತ್ತು ವರ್ಷದಿಂದ ನಾನು ಅಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ದಿನವೂ ನನಗೆ ಕೂತ್ಕೊ ಅಂದಿರಲಿಲ್ಲ.

ಮಾರನೇ ದಿನ ಯಜಮಾನರು ನನ್ನನ್ನು ಕರೆದು, "ನಕ್ಷೆಗಿಕ್ಷೆ ಬ್ಯಾಡ, ನಿಮ್ಮಕ್ಕಂಗೇ ಕೊಡಾನ ಅಂತಿವ್ನಿ. ಏನಂತೀಯ?" ಎಂದರು.

"ಕೊಡಿ ಸಾ" ಅಂದರೆ ಸಾಕಿತ್ತು. ನಾನು ಹೇಳಿದ್ದು ಇದು: "ನಮ್ಮಕ್ಕನೇ ಸಾ. ಆದ್ರೂ ಹೇಳ್ಬುಡ್ತೀನಿ. ಅವ್ಳ ಮನೇಲಿ ಒಂದು ಗಿಡ ಇಲ್ಲ. ಸಾರಿಗೆ ಕರಿಬೇವು ಬೇಕಂದ್ರೂ ನಮ್ಮನೆಗೇ ಬತ್ತಾಳೆ."

ಯಜಮಾನರು ಜೋರಾಗಿ ನಕ್ಕುಬಿಟ್ಟರು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಚರಂಡಿಯ ವಿಷಯ, ಬಿಸಿಲಿನ ವಿಷಯ ಮಾತ್ರ ಹೇಳಲಿಲ್ಲ.

ಕೆಲಸ ಮೈಸೂರಿನವರಿಗೆ ಹೋಯಿತು. ವಿಚಾರಿಸಲು ಬಂದ ಅಕ್ಕನಿಗೆ ಯಜಮಾನರು ನನ್ನ ಎದುರೇ ತಮಾಷೆ ಮಾಡಿದರು. "ಏನಮ್ಮ, ಕರಿಬೇವ್ಗೂ ತಂಗಿ ಮನೆಗೇ ಓಯ್ತೀಯಂತೆ?"

ಅಕ್ಕ ನನ್ನ ಕಡೆ ತಿರುಗಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ, "ಊ ಕನ್ ಸಾ. ನಮ್ ತಂಗಿ ಮನೆ ಕರಿಬೇವು ಗಮ್ ಅಂತದೆ. ಅಂಗಡೀದು ಅದ್ರ ಸಮ ಎಲ್ ಬಂದದು" ಎಂದು ನಗುತ್ತಲೇ ಹೊರಟಳು. ಅಂದಿನಿಂದ ನಮ್ಮ ಹಿತ್ತಿಲಿಗೆ ಅವಳು ಬರಲಿಲ್ಲ. ಹಬ್ಬಕ್ಕೆ ಬಂದರೆ ನಡುಮನೆಯಲ್ಲಿ ಕೂತು, ಮಾತಾಡಿ, ಊಟ ಮಾಡಿ ಹೋಗುತ್ತಿದ್ದಳು.

ಕಂಪನಿಯವರು ಬಯಲಿಗೆಲ್ಲ ಹುಲ್ಲುಹಾಸು ಹಾಸಿದರು. ನಾಲ್ಕು ಮದುವೆ ಆಗುವಷ್ಟರಲ್ಲಿ ಊಟದ ಮನೆಯಿಂದ ನಲ್ಲಿಯವರೆಗೆ ಹುಲ್ಲು ಸತ್ತು ಕೆಸರಾಯಿತು. ಯಜಮಾನರು ತಲೆ ಕೆರೆದುಕೊಳ್ಳುತ್ತ ನಿಂತಾಗ ನಾನು, "ಇಲ್ಲಿ ಚಪ್ಪಡಿ ಹಾಕ್ಸಿ ಸಾ" ಅಂದೆ. ಅಕ್ಕ ಹೇಳಿದ್ದು ಅನ್ನಲಿಲ್ಲ. ಅವರು ಹಾಕಿಸಿದರು, ಸರಿಹೋಯಿತು. "ನಿಂಗೂ ತಲೆ ಓಡ್ತದೆ ಕಣಮ್ಮ" ಎಂದು ಅದೇ ಕುರ್ಚಿ ತೋರಿಸಿ, "ಕೂತ್ಕೊ" ಎಂದರು. ನಾನು ಕೂತೆ.

ಆಮೇಲೊಂದು ಮದುವೆಗೆ ಅಕ್ಕ ಬಂದಿದ್ದಳು. ಚಪ್ಪಲಿ ಬಿಟ್ಟು ಆ ಚಪ್ಪಡಿಗಳ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ನಾನು ಕಂಬದ ಮರೆಗೆ ಸರಿದೆ. ಅವಳೇ ಹುಡುಕಿಕೊಂಡು ಬಂದು, "ಚೆನ್ನಾಗಾಗದೆ ಕನಮ್ಮಿ. ಸಂದೀಲಿ ಗರ್ಕೆ ನೆಟ್ಬುಡು, ಕೆಸ್ರು ಮೇಲೆ ಬರಲ್ಲ" ಎಂದಳು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಹೋದ ವರ್ಷ ಯಳಂದೂರಿನಲ್ಲಿ ಸ್ಕೂಲೊಂದರ ಮುಂದೆ ಪಾತಿ ಮಾಡುತ್ತಿದ್ದಾಗ ಎದೆನೋವು ಎಂದು ಕೂತವಳು ಮತ್ತೆ ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಆ ನಾಲ್ಕು ಜನ ಹೆಂಗಸರು ಅವಳ ಕಾಲು ಹಿಡಿದು ಅಳುತ್ತಿದ್ದರು. ನನ್ನ ಹೆಣದ ಮುಂದೆ ಹೀಗೆ ಅಳುವವರು ಯಾರಿದ್ದಾರೆ ಎಂದು ಆಗಲೂ ನನ್ನ ಹೊಟ್ಟೆ ಉರಿಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ತಿಥಿಯ ದಿನ ಅಕ್ಕನ ಮನೆಯಲ್ಲಿ ಅಡಿಗೆಯವರು ಕರಿಬೇವು ಸಾಲದು ಅಂದರು. ನಾನು ಆಟೋ ಹತ್ತಿ ಮಧುವನಹಳ್ಳಿಗೆ ಹೋದೆ. ಚಿವುಟುವವರಿಲ್ಲದೆ ನಮ್ಮ ಗಿಡ ಸೂರು ದಾಟಿ ನೆಟ್ಟಗೆ ಬೆಳೆದಿತ್ತು. ಕೈಗೆ ಸಿಗಲಿಲ್ಲ. ಸ್ಟೂಲು ಹಾಕಿಕೊಂಡು ಒಂದು ಕೊಂಬೆಯನ್ನೇ ಮುರಿದು, ಆ ಸಂದಿಯ ಮನೆಗೆ ತಂದೆ.

ಆ ನಾಲ್ವರಲ್ಲಿ ಹಿರಿಯವಳು ಎಲೆ ಬಿಡಿಸುತ್ತ ಮೂಸಿ ನೋಡಿದಳು.

"ಇದು ನಿಮ್ಮನೇದಾ?"

"ಊ."

"ಅಕ್ಕ ಅಂಗಡೀಲಿ ಕರಿಬೇವು ತಕಂಡಾಗೆಲ್ಲ ಇಂಗೇ ಮೂಸೋಳು ಕನವ್ವ. 'ನಮ್ ತಂಗಿ ಮನೇದಂಗಿಲ್ಲ' ಅನ್ನೋಳು."

ಎಡೆಗೆ ಎಲೆ ಹಾಸಿದ್ದರು. ನಾನು ಕೊಂಬೆಯಿಂದ ಒಂದು ಕುಡಿಯನ್ನು, ಅವಳು ಚಿವುಟುತ್ತಿದ್ದ ಹಾಗೇ ಚಿವುಟಿ, ಅನ್ನದ ಪಕ್ಕ ಹಸಿಯಾಗಿಯೇ ಇಟ್ಟೆ.