ರಾಂಪುರದಲ್ಲಿ ಎಂಟು ಹಂದಿಗಳ ತೂಕ

ಮನುಕುಲದ ಪ್ರಗತಿಯನ್ನು ಅಳೆಯಲು ಜ್ಞಾನಿಗಳು ಕಾಲಕಾಲಕ್ಕೆ ಹಲವು ಮಾನದಂಡಗಳನ್ನು ಸೂಚಿಸಿದ್ದಾರೆ. ಕಳೆದ ಸೋಮವಾರ ನನ್ನ ಪಾಲಿಗೆ ಬಂದದ್ದು ಹಂದಿ ತೂಗುವ ಕಾಟಾ.

ಚಳ್ಳಕೆರೆಯಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಮುಗಿಸಿ ಏಳೂವರೆಯ ಬಳ್ಳಾರಿ ಬಸ್ಸು ಹತ್ತಿದೆ. ಒಳಗೆಲ್ಲ ಹೆಂಗಸರು, ಅವರಿಗೆ ಪ್ರಯಾಣ ಉಚಿತ. "ಬನ್ನಿ ಯಜಮಾನ್ರೇ, ಕಾಸು ಕೊಡೋ ಮುಖ ಕಾಣ್ದೆ ಬೇಜಾರಾಗಿತ್ತು," ಎಂದು ಕಂಡಕ್ಟರು ಎಪ್ಪತ್ತೈದು ರೂಪಾಯಿ ತೆಗೆದುಕೊಂಡ. ತಳಕು ದಾಟಿದ ಮೇಲೆ ತಂಗಾಳಿ, ಎರಡೂ ಬದಿ ಹೂಬಿಟ್ಟ ಶೇಂಗಾ ಹೊಲ.

ರಾಂಪುರದಲ್ಲಿ ಹೈಸ್ಕೂಲು ಗೆಳೆಯ ಬೋರಯ್ಯ ಬೈಕು ತಂದಿದ್ದ. ಊರಾಚೆ ಅವನದು ನಲವತ್ತು ಹಂದಿಗಳ ಶೆಡ್ಡು. ಮೇವಿಗೆ ಬೆರೆಸಿದರೆ ಹಂದಿ ಬೇಗ ಬೆಳೆಯುತ್ತದೆಂಬ ಹೊಸ ಪುಡಿಯೊಂದು ಬಂದಿತ್ತು. ಅವನ ಹೆಂಡತಿ ರತ್ನಮ್ಮನಿಗೆ ಅದು ಬೇಕು. ಬೋರಯ್ಯನ ಪ್ರಕಾರ ದಂಡ. ಕೊನೆಗೆ ಒಂದೇ ವಯಸ್ಸಿನ, ಒಂದೇ ತೂಕದ ಎಂಟನ್ನು ಆರಿಸಿ, ಎರಡು ತಿಂಗಳು ನಾಲ್ಕು ಹಂದಿಗೆ ಪುಡಿ, ಪಕ್ಕದ ನಾಲ್ಕಕ್ಕೆ ಬರೀ ಮೆಕ್ಕೆಜೋಳದ ನುಚ್ಚು ಹಾಕಿ ನೋಡುವುದೆಂದು ಒಪ್ಪಂದವಾಗಿತ್ತು. ಪುಡಿ ಗೆದ್ದರೆ ಹತ್ತು ಚೀಲ ತರಿಸುವುದು. ಸೋತರೆ ರತ್ನಮ್ಮ ಮತ್ತೆ ಆ ಮಾತೆತ್ತುವಂತಿಲ್ಲ.

"ತೂಗೋಕೆ ನಾನ್ಯಾಕಲೇ?" ಎಂದೆ.

"ನಾವು ತೂಗಿದ್ರೆ ಜಗಳ ಆಗ್ತೈತೆ. ತಿನ್ನೋರನ್ನ ಕರೆದ್ರೆ ಅವರ ಕಣ್ಣು ತೊಡೆ ಮೇಲೇ ಇರ್ತೈತೆ. ನೀನು ಲಿಂಗ ಕಟ್ಟಿದೋನು, ನಿನಗೇನೂ ಆಸೆ ಇಲ್ಲ."

ಹೀಗೆ ನನ್ನ ಸಸ್ಯಾಹಾರ ನ್ಯಾಯಪೀಠವೇರಿತು. ಮೂರನೆಯ ಹಂದಿ ಆ ಪೀಠವನ್ನು ಕುರ್ಚಿಸಮೇತ ಕೆಡವಿ ಓಡಿತು. ರತ್ನಮ್ಮ ನಕ್ಕು ನಕ್ಕು ಕಂಬ ಹಿಡಿದುಕೊಂಡರು.

ಪುಡಿಯವು ನಾಲ್ಕೂ ಸೇರಿ ಮುನ್ನೂರ ಐವತ್ತೆಂಟು ಕೇಜಿ. ಪುಡಿಯಿಲ್ಲದವು ಮುನ್ನೂರ ಐವತ್ತೇಳು. ರತ್ನಮ್ಮನ ನಗು ನಿಂತಿತು.

"ಒಂದು ಕೇಜಿಗೆ ಇಷ್ಟೆಲ್ಲ ರಾಮಾಯಣ," ಎಂದ ಬೋರಯ್ಯ.

ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದ ಅವನ ಅವ್ವ ತಲೆಯೆತ್ತಿದರು. "ಪುಡಿ ಇಲ್ಲದವು ಯಾವುವಪ್ಪಾ? ಅಕ್ಕಪಕ್ಕ ಉಣ್ಣೋವಕ್ಕೆ ಪಂಕ್ತಿಭೇದ ಮಾಡ್ತಾರೇನು? ನೀವು ದಿನಾ ಅಳೆದಿಟ್ಟ ಡಬ್ಬೀನ ಎರಡೂ ಕಡೆ ಅರ್ಧರ್ಧ ಹಾಕ್ತಿದ್ದೆ."

ರತ್ನಮ್ಮ ಕಂಬ ಬಿಟ್ಟು ಗಂಡನ ಕಡೆ ತಿರುಗಿದರು.

"ಹೋದ ಸಲ ಈ ತೂಕಕ್ಕೆ ಎಷ್ಟು ತಿಂಗಳು ಬೇಕಾತು, ನೀವೇ ಹೇಳ್ರಿ," ಎಂದರು ರತ್ನಮ್ಮ.

"ಎಂಟು."

"ಇವಕ್ಕೆ ಆರೂವರೆ. ಒಂದೂವರೆ ತಿಂಗಳ ನುಚ್ಚು ಉಳೀತು. ಅದೂ ಅರ್ಧ ಪುಡಿಗೆ."

"ಹಂಗಾರೆ ಉಳಿದ ದುಡ್ಡಾಗೆ ನನಗೊಂದು ಮೊಳಕಾಲ್ಮೂರು ಸೀರೆ ತಗೊಂಡ್ಬಾ," ಎಂದರು ಅವ್ವ.

ನಾನಿದ್ದ ತಪ್ಪಿಗೆ ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಹುರುಳಿಕಾಳು ಸಾರು. ಎರಡು ಗಂಟೆಯ ಬಸ್ಸಿಗೆ ಬಿಡಲು ಹೊರಟ ಬೋರಯ್ಯ ಮೇವಿನ ಅಂಗಡಿ ಮುಂದೆ ಬೈಕು ನಿಲ್ಲಿಸಿ ಐದು ಚೀಲ ಪುಡಿ ಬರೆಸಿದ.