ಸದರಿ ಹೆಂಗಸಿನ ಮೇಲೊಂದು ಅರ್ಜಿ

ನನ್ನ ಸೋದರತ್ತೆ ಪಂಕಜಾಳ ಗಂಡ ಚಕ್ರಪಾಣಿ ಮಾವ ಮೂವತ್ತೊಂದು ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದವರು. ಮ್ಯಾಜಿಸ್ಟ್ರೇಟರ ಕುರ್ಚಿಯ ಕೆಳಗೇ ಅವರ ಮೇಜು. ಕೇಸಿನ ಕಟ್ಟು ಬಿಚ್ಚಿ ಮೇಲಕ್ಕೆ ಕೊಡುವುದು, ಮುಂದಿನ ತಾರೀಖು ಬರೆದುಕೊಳ್ಳುವುದು ಅವರ ಕೆಲಸ. ಕೋರ್ಟಿನ ಭಾಷೆ ಮನೆಗೂ ಬಂದಿತ್ತು. ಊಟಕ್ಕೆ ಕೂತವರು "ಸದರಿ ಹುಳಿಗೆ ಉಪ್ಪು ಸಾಲದು" ಎನ್ನುತ್ತಿದ್ದರು. ಅತ್ತೆ ನಗದೆ ಉಪ್ಪು ಬಡಿಸುತ್ತಿದ್ದಳು.

೧೯೬೦ರಲ್ಲಿ ನಿವೃತ್ತರಾಗಿ ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದರು. ಆಗ ಅಲ್ಲಿ ಅರ್ಧಕ್ಕರ್ಧ ಸೈಟುಗಳು ಖಾಲಿ, ಹುಲ್ಲು ಮೊಣಕಾಲುದ್ದ. ಅಗಲವಾದ ರಸ್ತೆಗಳಿದ್ದರೂ ದೀಪದ ಕಂಬಗಳು ಕಮ್ಮಿ. ಸಂಜೆಯಾದರೆ ಪೊಲೀಸರು ಸರ್ಕಲ್ಲಿನಲ್ಲಿ ನಿಂತು ದೀಪವಿಲ್ಲದ ಸೈಕಲ್ಲು, ಲಾಟೀನಿಲ್ಲದ ಎತ್ತಿನಗಾಡಿ, ಕ್ಯಾರಿಯರ್ ಮೇಲೆ ಹೆಂಡತಿಯನ್ನು ಕೂರಿಸಿಕೊಂಡ ಗುಮಾಸ್ತ, ಎಲ್ಲರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು. ಹದಿನೈದು ದಿನಕ್ಕೆ ಸಮನ್ಸ್ ಬರುತ್ತಿತ್ತು. ಕೋರ್ಟಿನ ಮೆಟ್ಟಿಲು ಹತ್ತದ ಮರ್ಯಾದಸ್ಥರು ಆ ಕಾಗದ ನೋಡಿ ಬೆವರುತ್ತಿದ್ದರು. ಬೆವರಿದವರೆಲ್ಲ ಮಾವನ ವರಾಂಡಕ್ಕೆ ಬರುತ್ತಿದ್ದರು.

ನಿವೃತ್ತಿಯ ಮೊದಲ ಎರಡು ವರ್ಷ ಮಾವ ಸುಖವಾಗಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ಬಂದವರು ಎದುರಿಗೆ ನಿಂತು "ಸಾರ್" ಎನ್ನಬೇಕು, ಅಷ್ಟೇ. ಮೊದಲು ಒಂದು ಗದರಿಕೆ: "ಕಾನೂನು ಗೊತ್ತಿಲ್ದೆ ಸೈಕಲ್ ಯಾಕ್ರೀ ಹತ್ತಿದ್ರಿ?" ಆಮೇಲೆ ಸೆಕ್ಷನ್ನು, ಅದರ ಉಪಸೆಕ್ಷನ್ನು, ೧೯೩೮ರಲ್ಲಿ ಯಾರೋ ಮ್ಯಾಜಿಸ್ಟ್ರೇಟರು ಹೇಳಿದ ಮಾತು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಹೇಳುತ್ತಿದ್ದರು. ಅವರು ಹೇಳಿದ್ದು ಎಂದೂ ತಪ್ಪಾಗುತ್ತಿರಲಿಲ್ಲ. ಆದರೆ ಕೇಳಿದವನು ಗೇಟು ದಾಟುವಾಗ ಬಂದಾಗಿನದಕ್ಕಿಂತ ಹೆಚ್ಚು ಹೆದರಿರುತ್ತಿದ್ದ.

ಲಕ್ಷ್ಮಿದೇವಮ್ಮ ಬೈರಸಂದ್ರದವಳು. ಬಡಾವಣೆಗೆ ಹೊಲ ಹೋದ ಮೇಲೆ ನಾಲ್ಕು ಎಮ್ಮೆ ಕಟ್ಟಿ, ಮಾವನ ಸಾಲಿನ ಮನೆಗಳಿಗೆ ದಿನವೂ ವರ್ತನೆ ಹಾಲು ಹಾಕುತ್ತಿದ್ದಳು. ಎಮ್ಮೆಗಳಿಗೆ ಹೊಲ ಹೋದದ್ದು ತಿಳಿಯುವುದೆಂತು? ಅವು ಹಳೆಯ ದಾರಿಯಲ್ಲೇ ಹೋಗಿ ಯಾರದೋ ತೋಟದ ಕ್ರೋಟನ್ ಗಿಡ ಮೇಯುತ್ತಿದ್ದವು, ಕಾರ್ಪೊರೇಷನ್ನಿನ ದೊಡ್ಡಿ ಸೇರುತ್ತಿದ್ದವು. ಗಂಡ ಚಿಕ್ಕಬೈರಪ್ಪನ ಗಾಡಿಗೆ ಲಾಟೀನು ಇರುತ್ತಿರಲಿಲ್ಲ. ಕೋರ್ಟೆಂದರೆ ಅವನಿಗೆ ಕೈಕಾಲು ನಡುಕ. ಹೀಗಾಗಿ ಪ್ರತಿಸಲವೂ ಹೆಂಡತಿಯೇ ಜೊತೆಗೆ ಹೋಗಿ, ಅವನನ್ನು ಮುಂದಕ್ಕೆ ತಳ್ಳಿ, ಕೆಲಸ ಮುಗಿಸಿಕೊಂಡು ಬರುತ್ತಿದ್ದಳು. ಇಪ್ಪತ್ತು ಸಲವಾದರೂ ಹೋಗಿದ್ದಳಂತೆ. ಓದು ಬರಹ ಇಲ್ಲದಿದ್ದರೂ ಕೋರ್ಟು ಅವಳಿಗೆ ಪಾಠವಾಗಿತ್ತು.

ಎದುರುಮನೆಯ ಬ್ಯಾಂಕಿನ ರಾಮಪ್ರಸಾದ ಹೆಂಡತಿಯೊಂದಿಗೆ ಸೈಕಲ್ಲಿನಲ್ಲಿ ಡಬಲ್ಸ್ ಹೋಗಿ ಸಿಕ್ಕಿಬಿದ್ದ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಅವನು ಲಕ್ಷ್ಮಿದೇವಮ್ಮನ ಎದುರು ಸಮನ್ಸ್ ಹಿಡಿದು ವಿಚಾರಿಸುತ್ತಿದ್ದುದನ್ನು ಮಾವ ಕಾಂಪೌಂಡಿನ ಒಳಗಿನಿಂದ ಕೇಳಿಸಿಕೊಂಡರು.

"ಹೋಗದೇ ಇದ್ರೆ ಏನಾಗುತ್ತೆ ಲಕ್ಷ್ಮಿದೇವಮ್ಮ?"

"ಓಗ್ಲೇಬೇಕು ಸಾಮಿ. ಇಲ್ದಿದ್ರೆ ವಾರಂಟು ಬತ್ತದೆ. ಅತ್ತು ಗಂಟೆಗೇ ಓಗಿ ಅಲ್ಲಿರೋ ಪೋಲೀಸಪ್ಪಂಗೆ ಎಸ್ರು ಏಳಿ, ಆಚೆ ಟೀ ಕುಡಿಯಕ್ಕೆ ಓಗ್ಬೇಡಿ. ಕರ್ದಾಗ ಇಲ್ಲ ಅಂದ್ರೆ ಕೆಟ್ರಿ."

"ಕೆಲಸಕ್ಕೇನಾದ್ರೂ ತೊಂದರೆ?"

"ಎಂಡ್ತಿನ ಸೈಕಲ್ ಮ್ಯಾಲೆ ಕೂರುಸ್ಕಂಡಿದ್ದಕ್ಕೆ ಯಾರಾನ ಕೆಲ್ಸ ಕಿತ್ಕತಾರಾ? ತಪ್ಪು ಒಪ್ಕತೀಯಾ ಅಂತಾರೆ. ಊಂ ಅನ್ನಿ. ಜುಲ್ಮಾನೆ ಕಟ್ಟಿ, ರಸೀತಿ ಈಸ್ಕಳಿ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅನ್ನಿ, ಇನ್ನೊಂದು ದಿನ ಕೊಡ್ತಾರೆ. ಎಲ್ಡೂ ಸೇರ್ಸಿ ಗೊಣಗಬ್ಯಾಡಿ."

ರಾಮಪ್ರಸಾದ ನಕ್ಕುಕೊಂಡು ಒಳಗೆ ಹೋದ. ಮಾವ ಒಳಗೆ ಬಂದು ಕೋಟಿನ ಜೇಬಿನಿಂದ ಕನ್ನಡಕ ತೆಗೆದು, ಹಳೆಯ ಕಾನೂನಿನ ಪುಸ್ತಕ ಹರಡಿ ಕೂತರು. ಅವಳು ಹೇಳಿದ್ದರಲ್ಲಿ ಒಂದು ತಪ್ಪು ಸಿಗಬೇಕಿತ್ತು. ಮಧ್ಯಾಹ್ನದ ತನಕ ಹುಡುಕಿದರು. "ಒಂದೇ ಒಂದು ಸಿಕ್ಕಿದ್ರೂ ಅವತ್ತು ಸುಮ್ಮನಾಗಿಬಿಡ್ತಿದ್ದೆ ಕಣೋ" ಎಂದು ಎಷ್ಟೋ ವರ್ಷದ ನಂತರ ನನಗೆ ಹೇಳಿದರು.

ಅಂದಿನಿಂದ ಬೆಳಿಗ್ಗೆ ಆರೂವರೆಗೆ ಮಾವ ಗೇಟಿನ ಬಳಿ ಹೂ ಕೀಳುವ ನೆಪದಲ್ಲಿ ನಿಲ್ಲತೊಡಗಿದರು. ಹಾಲಿನ ಕ್ಯಾನಿನ ಸುತ್ತ ಎಷ್ಟು ಜನ, ಅವರಲ್ಲಿ ಮೊದಲು ತಮ್ಮ ಹತ್ತಿರ ಬರುತ್ತಿದ್ದವರು ಯಾರು ಯಾರು, ಎಲ್ಲ ಲೆಕ್ಕ. ವರಾಂಡದ ಎರಡು ಕುರ್ಚಿಗಳ ಮೇಲೆ ಧೂಳು ಕೂತಿತು. ಅತ್ತೆ ಒರೆಸಲು ಹೋದರೆ "ಇರಲಿ ಬಿಡು, ಯಾರು ಕೂರ್ಬೇಕು?" ಎನ್ನುತ್ತಿದ್ದರು.

"ಅವಳ ಹಾಲು ನಿಲ್ಲಿಸು" ಎಂದರು ಒಂದು ದಿನ.

"ಯಾಕ್ರೀ? ನೀರು ಬೆರೆಸದ ಹಾಲು ಈ ಬ್ಲಾಕಲ್ಲಿ ಇನ್ಯಾರ ಹತ್ರ ಇದೆ?"

ಮಾವ ತಾವೊಬ್ಬರೇ ಹಾಲು ಬಿಟ್ಟರು. ವಾರವೆಲ್ಲ ಕರೀ ಡಿಕಾಕ್ಷನ್ ಕುಡಿದು, ಮಜ್ಜಿಗೆ ಮುಟ್ಟದೆ ಊಟ ಮಾಡಿ, ಹೊಟ್ಟೆ ಕೆಡಿಸಿಕೊಂಡರು. ಲಕ್ಷ್ಮಿದೇವಮ್ಮನಿಗೆ ಇದಾವುದೂ ತಿಳಿಯದು. ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಂಡು "ಚೆಂದಾಗಿದೀರಾ ಸಾಮಿ" ಎನ್ನುತ್ತಿದ್ದಳು. ಆ ವಿನಯ ಅವರನ್ನು ಇನ್ನಷ್ಟು ಉರಿಸುತ್ತಿತ್ತು.

ಆಮೇಲೆ ಏಕಾಂತಯ್ಯನ ಕೇಸು ಬಂತು. ಏಕಾಂತಯ್ಯ ಹಿಂದಿನ ರಸ್ತೆಯ ದರ್ಜಿ. ಬೀದಿ ನಲ್ಲಿಯ ಹತ್ತಿರ ಜಗಳವಾಗಿ ಪಕ್ಕದ ಮನೆಯವನ ಕೆನ್ನೆಗೆ ಹೊಡೆದಿದ್ದ, ಅವನು ಸ್ಟೇಷನ್ನಿಗೆ ಹೋಗಿದ್ದ. ಏಕಾಂತಯ್ಯ ನೇರವಾಗಿ ಮಾವನ ಬಳಿ ಬಂದ. ಮಾವ ಕುರ್ಚಿಯ ಧೂಳನ್ನು ತಾವೇ ಪಂಚೆಯಿಂದ ಒರೆಸಿದರು. ಅವತ್ತು ಒಂದೂಕಾಲು ಗಂಟೆ ಮಾತಾಡಿದರು. ಗಾಯ ಎಂದರೇನು, ಸಾದಾ ಗಾಯ ಯಾವುದು, ತೀವ್ರ ಗಾಯ ಯಾವುದು, ಸಾಕ್ಷಿ ಎಂದರೆ ಯಾರು. ನಡುವೆ ಎಲ್ಲೋ ಒಂದು ಕಡೆ, ಇಂಥ ಕೇಸನ್ನು ಪೆಟ್ಟು ತಿಂದವನು ಒಪ್ಪಿದರೆ ಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಬಹುದು ಎಂದೂ ಹೇಳಿದ್ದರು. ಏಕಾಂತಯ್ಯನಿಗೆ ಜೈಲು ಎಂಬ ಶಬ್ದವೊಂದೇ ಕೇಳಿಸಿತ್ತು.

ತಿಂಗಳ ಮೇಲೆ ಅವನು ಒಂದು ತಟ್ಟೆ ಮೈಸೂರುಪಾಕು ತಂದು ಕೊಟ್ಟ. "ರಾಜಿ ಆಯ್ತು ಸಾರ್! ಲಕ್ಷ್ಮಿದೇವಮ್ಮನೋರೇ ಅವನ ಮನೆಗೆ ಹೋಗಿ ಮಾತಾಡಿದ್ರು. ಇಬ್ರೂ ಒಟ್ಟಿಗೆ ಕೋರ್ಟಿಗೆ ಹೋಗಿ ಕೇಸು ಬೇಡ ಅಂದ್ರೆ ಮುಗೀತದೆ ಅಂತ ಆಯಮ್ಮ ಹೇಳೋವರೆಗೂ ನಮಗೆ ಯಾರೂ ಹೇಳಿರ್ಲಿಲ್ಲ ನೋಡಿ."

ಯಾರೂ ಹೇಳಿರಲಿಲ್ಲ! ಮಾವ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಆ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವರು ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಬರೆದರು. ಸದರಿ ಹೆಂಗಸು ಅನಕ್ಷರಸ್ಥೆಯಾಗಿದ್ದು, ತಾನು ಕಾನೂನು ಬಲ್ಲವಳೆಂದು ನಂಬಿಸಿ, ಕೋರ್ಟಿನ ಸಿಬ್ಬಂದಿಗೆ ಕೊಡಬೇಕೆಂದು ಹೇಳಿ ಮುಗ್ಧ ನಾಗರಿಕರಿಂದ ಹಣ ವಸೂಲು ಮಾಡುತ್ತಿರುವಳು. ಹಣದ ಮಾತು ಹಸಿ ಸುಳ್ಳು. ಅದಿಲ್ಲದಿದ್ದರೆ ಅರ್ಜಿಗೆ ಬಲವಿಲ್ಲ ಎಂಬುದು ಮೂವತ್ತೊಂದು ವರ್ಷ ಅರ್ಜಿ ಓದಿದವರಿಗೆ ಗೊತ್ತಿತ್ತು. ಕೆಳಗೆ ಹೆಸರು ಹಾಕದೆ "ಓರ್ವ ಹಿತೈಷಿ" ಎಂದು ಬರೆದು, ಬಸವನಗುಡಿಯ ತನಕ ನಡೆದುಹೋಗಿ ಅಂಚೆಗೆ ಹಾಕಿದರು.

ಹತ್ತನೇ ದಿನ ಹಾಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಪೊಲೀಸ್ ದಫೇದಾರ ಬಂದು ಲಕ್ಷ್ಮಿದೇವಮ್ಮನನ್ನು ಹಾಲು ಕರೆಯುವ ಮೊದಲೇ ಕರೆದೊಯ್ದು, ಎರಡು ದಿನವೂ ಸಂಜೆಯವರೆಗೆ ಸ್ಟೇಷನ್ನಿನಲ್ಲಿ ಕೂರಿಸಿದ್ದನೆಂದು ಬೀದಿಯೆಲ್ಲ ಮಾತಾಯಿತು. ಆಗ ನಿಮಗೆ ಏನನ್ನಿಸಿತು ಎಂದು ನಾನು ಕೇಳಿದ್ದೆ. ಮಾವ ಮುಚ್ಚಿಡಲಿಲ್ಲ. "ಮೊದಲನೇ ದಿನ ಖುಷಿಯಾಯ್ತು. ಕ್ಯಾನೂ ಇರ್ಲಿಲ್ಲ, ಅದರ ಸುತ್ತ ಜನಾನೂ ಇರ್ಲಿಲ್ಲ."

ಮೂರನೇ ದಿನ ಲಕ್ಷ್ಮಿದೇವಮ್ಮ ಗೇಟು ತೆರೆದು ವರಾಂಡದ ಮೆಟ್ಟಿಲ ಹತ್ತಿರ ಬಂದು ನಿಂತಳು. ಕೈಯಲ್ಲಿ ನೋಟೀಸು, ಅದರ ಜೊತೆ ಅರ್ಜಿಯ ನಕಲು. ನಾಲ್ಕು ದಿನದಲ್ಲಿ ಲಿಖಿತ ಉತ್ತರ ಕೊಡಬೇಕಿತ್ತು.

"ಠಾಣೇಲಿ ಗಡಗಡ ಅಂತ ಓದುದ್ರು, ತಿಳೀಲಿಲ್ಲ. ನೀವು ಒಸಿ ನಿಧಾನವಾಗಿ ಓದಿ ಏಳಿ ಸಾಮಿ."

"ಅವರಿವರ ಹತ್ರ ಓದಿಸ್ಕೋಬಹುದಿತ್ತಲ್ಲಮ್ಮ" ಎಂದರು ಮಾವ.

"ನಿಮಗಿಂತ ತಿಳ್ದೋರು ಯಾರವ್ರೆ? ನಾನು ನಿಮ್ಮ ಕೋರ್ಟಿಗೇ ಬತ್ತಿದ್ನಲ್ಲ. ಗ್ಯಾನ ಇಲ್ವಾ? ನಮ್ಮ ಯಜಮಾನ್ರು ನಡುಗ್ತಾ ನಿಂತಿದ್ರೆ ನೀವು ಕೆಳಗ್ನಿಂದ ಮೆಲ್ಲಕೆ ಏಳ್ಕೊಡ್ತಿದ್ರಿ."

ಮಾವನಿಗೆ ಅವಳ ಮುಖವಾಗಲಿ, ಅವಳ ಗಂಡನ ಮುಖವಾಗಲಿ ನೆನಪಿರಲಿಲ್ಲ. ದಿನಕ್ಕೆ ನಲವತ್ತು ಜನ ನಡುಗುತ್ತ ನಿಲ್ಲುತ್ತಿದ್ದ ಜಾಗ ಅದು. ಅವರು ಕನ್ನಡಕ ಹಾಕಿಕೊಂಡು ತಮ್ಮ ಅರ್ಜಿಯನ್ನು ತಾವೇ ಓದಿದರು, ನಿಧಾನವಾಗಿ, ಒಂದಕ್ಷರ ಬಿಡದೆ. ಹಣದ ಮಾತು ಬಂದಾಗ ಅವಳು ತಡೆದಳು.

"ದುಡ್ಡು ಈಸ್ಕಂಡೆ ಅಂತ ಬರ್ದವ್ನಾ?"

"ಹೂಂ."

ಅವಳು ನೆಲ ನೋಡುತ್ತ ನಿಂತಳು.

ಮಾವ ಉತ್ತರ ಬರೆಯಲು ಕೂತರು. ಮೂರು ಪುಟ ತುಂಬಿಸಿದರು. ತಮ್ಮ ಜನ್ಮದಲ್ಲೇ ಅಷ್ಟು ಚೆನ್ನಾಗಿ ಬರೆದಿರಲಿಲ್ಲವಂತೆ. ಓದಿ ಹೇಳಿದಾಗ ಅವಳು ತಲೆ ಅಲ್ಲಾಡಿಸಿದಳು. "ಇಷ್ಟುದ್ದ ಯಾಕೆ ಸಾಮಿ? ಯಾರತ್ರಾನೂ ಕಾಸು ಈಸ್ಕಂಡಿಲ್ಲ, ಕೊಟ್ಟೋರು ಇದ್ರೆ ಮುಂದಕ್ಕೆ ಬಂದು ಏಳ್ಲಿ ಅಂತ ಬರೀರಿ. ಸಾಕು."

ಅದೇ ಸರಿಯಾದ ಉತ್ತರ. ಅಂಥ ಹೊತ್ತಿನಲ್ಲೂ, ಅವಳಿಗೆ ಅದು ಥಟ್ಟನೆ ಹೊಳೆಯಿತಲ್ಲ ಎಂದು ಮಾವನಿಗೆ ಹೊಟ್ಟೆಕಿಚ್ಚಾಯಿತಂತೆ. ಎರಡೇ ಸಾಲು ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ ಕಳಿಸಿದರು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಸದರಿ ಹೆಂಗಸು ಅಂತ ಓದಿದ್ರಲ್ಲ, ಆಗಲೇ ಗೊತ್ತಾಯ್ತು" ಎಂದಳು. "ಮೂವತ್ತು ವರ್ಷದಿಂದ ಕೇಳ್ತಿದೀನಿ. ನಾಳೆ ಸ್ಟೇಷನ್ನಿಗೆ ಹೋಗ್ತೀರೋ, ನಾನೇ ಹೋಗ್ಲೋ?"

ಸಬ್ ಇನ್ಸ್‌ಪೆಕ್ಟರ್ ಜಯದೇವಪ್ಪನವರು ಮಾವನನ್ನು ಕೋರ್ಟಿನ ದಿನಗಳಿಂದ ಬಲ್ಲವರು. ಎದ್ದು ನಿಂತು ಕುರ್ಚಿ ಹಾಕಿಸಿದರು. ಮಾವ ಕೂರಲಿಲ್ಲ. ಹೇಳುವುದನ್ನು ಹೇಳಿ ಮುಗಿಸಿದಾಗ ಜಯದೇವಪ್ಪನವರು ಪೆನ್ನಿನ ಮುಚ್ಚಳ ಮುಚ್ಚಿದರು.

"ಇದು ಯಾವ ಸೆಕ್ಷನ್ನು ಅಂತ ನಾನು ಹೇಳೋದು ಬೇಡ ಅಲ್ವಾ ಸಾರ್?"

"ನೂರಾ ಎಂಬತ್ತೆರಡು. ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ."

"ಇಷ್ಟೆಲ್ಲ ಗೊತ್ತಿದ್ದೂ..." ಅವರು ಒಂದು ಹಾಳೆ ಮುಂದಕ್ಕೆ ತಳ್ಳಿದರು. "ಬರ್ಕೊಡಿ. ಆ ಹೆಂಗಸಿಗೂ ನೀವೇ ಬಾಯಿಬಿಟ್ಟು ಹೇಳಿ. ಕೇಸು ಬೇಕು ಅಂತ ಆಕೆ ಅಂದ್ರೆ ನಾನು ಹಾಕ್ತೀನಿ."

ಮಾವ ಸ್ಟೇಷನ್ನಿನಿಂದ ನೇರವಾಗಿ ಬೈರಸಂದ್ರಕ್ಕೆ ನಡೆದರು. ಲಕ್ಷ್ಮಿದೇವಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಬಾಗಿಲ ಕಂಬ ಹಿಡಿದು ನಿಂತು ಹೇಳಿದರು. ಅವಳ ಕೈ ನಿಲ್ಲಲಿಲ್ಲ. ತಂಬಿಗೆ ತುಂಬಿ, ಎಮ್ಮೆಯ ಬೆನ್ನು ತಟ್ಟಿ, ಎದ್ದು ನಿಂತಳು.

"ಎಲ್ಡು ದಿನ ಇವು ಕೆಚ್ಚಲು ಬಿಗ್ದು ಅರಚ್ಕಂಡ್ವು. ನಮ್ಮ ಯಜಮಾನ್ರಿಗೆ ಕರೆಯಕ್ಕೆ ಬರಕ್ಕಿಲ್ಲ. ಅದ್ಕೆ ಯಾವ ಸೆಕ್ಸನ್ನು ಸಾಮಿ?"

ಅವಳು ಕೇಸು ಬೇಡವೆಂದು ಸ್ಟೇಷನ್ನಿಗೆ ಹೇಳಿ ಕಳಿಸಿದಳು. ಮಾರನೆಯ ದಿನದಿಂದ ಹಾಲು ಬಂತು. ಅತ್ತೆಯ ಪಾತ್ರೆಗೆ ಅಳೆದು ಹಾಕಿ, ಮಾವನ ಕಡೆ ನೋಡದೆ ಹೋಗುತ್ತಿದ್ದಳು. ಅರ್ಜಿ ಮಾವನದೆಂಬ ಸುದ್ದಿ ಮಾತ್ರ ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ನಾಲ್ಕೈದು ವರ್ಷ ಹೀಗೆ ಕಳೆಯಿತು. ಜನ ಅವಳನ್ನೇ ಕೇಳುತ್ತಿದ್ದರು. ೧೯೬೭ರ ಸುಮಾರಿಗೆ ಜಯನಗರದ ಕಡೆಯ ಸಣ್ಣಪುಟ್ಟ ಪೆಟ್ಟಿ ಕೇಸುಗಳನ್ನು ಬೇರೊಂದು ಕೋರ್ಟಿಗೆ ಬದಲಾಯಿಸಿದರು. ಹಳೆಯ ಸಹೋದ್ಯೋಗಿಯೊಬ್ಬರಿಂದ ಮಾವನಿಗೆ ತಿಳಿಯಿತು. ಅವಳು ಇನ್ನೂ ಹಳೆಯ ಕೋರ್ಟಿಗೇ ಕಳಿಸುತ್ತಿದ್ದಳು. ಕೊನೆಗೂ ಒಂದು ತಪ್ಪು! ಎರಡು ದಿನ ಅದನ್ನು ಯಾರಿಗೂ ಹೇಳದೆ ಅನುಭವಿಸಿದರು. ಮೂರನೇ ದಿನ, ಹೋದವರು ಗೈರುಹಾಜರಾಗಿ ವಾರಂಟಿಗೆ ಸಿಗುತ್ತಾರಲ್ಲ ಎಂದು ತಡೆಯಲಾರದೆ ಗೇಟಿನ ಹತ್ತಿರ ಹೋಗಿ ಹೇಳಿದರು. ಅವಳು ಹೊಸ ಜಾಗದ ಗುರುತನ್ನು ಎರಡು ಸಲ ಹೇಳಿಸಿಕೊಂಡಳು. "ಆಗ್ಲಿ" ಎಂದಳು.

ಮರುದಿನ ಮಾವ ಕಾಂಪೌಂಡಿನ ಒಳಗೆ ನಿಂತು ಕಾದರು. ಅವಳು ಯಾರಿಗೋ ಹೊಸ ಕೋರ್ಟಿನ ದಾರಿ, ಬಸ್ಸು ಇಳಿಯುವ ಜಾಗ, ಎಲ್ಲ ಸರಿಯಾಗಿ ಹೇಳಿದಳು. ಅದು ಯಾರು ಹೇಳಿದ್ದೆಂದು ಹೇಳಲಿಲ್ಲ. ಮಾವ ಒಳಗೆ ಬಂದು ಅತ್ತೆಯ ಹತ್ತಿರ ದೂರಿದರು.

"ನನ್ನ ಹೆಸರು ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?"

ಅತ್ತೆ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು. "ನಿಮ್ಮ ಹೆಸರು ಅವಳು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ" ಎಂದಳು. "ಇನ್ನೇನು ಬೇಕು ನಿಮಗೆ?"

ಆದರೂ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ ಕಣೋ, ಎಂದು ಈ ಕತೆ ಹೇಳುವಾಗ ಮಾವ ನನ್ನ ಮುಂದೆ ಒಪ್ಪಿಕೊಂಡರು.